ತಲಕಾಡುಗೊಂಡ: ಒಂದು ಕಾಳಗ, ಹಲವು ಹಕ್ಕುದಾರರು

ಮಂಡ್ಯದಲ್ಲಿ ಕಾವೇರಿ ನೀರಿನ ಮಾತು ಬಿಸಿಯೇರಿದಾಗ 900 ವರ್ಷ ಹಿಂದೆ ಹೊಯ್ಸಳರು ಚೋಳರಿಂದ ತಲಕಾಡನ್ನು ಗೆದ್ದ ಯುದ್ಧವೂ ನಡುವೆ ಬಂದುಬಿಡುತ್ತದೆ. ಕನ್ನಡಿಗರು ತಮಿಳರನ್ನು ಅಟ್ಟಿದ ಕಾಳಗ ಎನ್ನುವವರು ಒಂದು ಕಡೆ, ರಾಮಾನುಜರ ಅನುಗ್ರಹದಿಂದ ಆದ ವೈಷ್ಣವ ವಿಜಯ ಎನ್ನುವವರು ಇನ್ನೊಂದು ಕಡೆ. ಶಾಸನಗಳನ್ನು ಎದುರಿಗಿಟ್ಟುಕೊಂಡರೆ ಎರಡು ಮಾತೂ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಗಂಗರ ರಾಜಧಾನಿಯಾಗಿದ್ದ ತಲಕಾಡು 1004ರ ಸುಮಾರಿಗೆ ಚೋಳರ ಪಾಲಾಗಿ, ರಾಜರಾಜಪುರವೆಂಬ ಹೆಸರಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಮಲೆನಾಡಿನ ಸೊಸೆವೂರಿನಿಂದ ಇಳಿದು ಬಂದ ಹೊಯ್ಸಳರು ಬೇಲೂರು, ದ್ವಾರಸಮುದ್ರಗಳಲ್ಲಿ ಬೇರೂರಿದ್ದರು.

ಕಾಳಗದ ವಿವರ ಸಿಗುವುದು ಶ್ರವಣಬೆಳಗೊಳದ ಕಲ್ಲಿನಲ್ಲಿ. ಘಟ್ಟದ ಮೇಲಿನ ಗಂಗವಾಡಿಯ ಗಡಿಗೆ ಕದವಿಟ್ಟ ಹಾಗೆ ತಲಕಾಡಿನ ಬೀಡಿನಲ್ಲಿ ಕೂತಿದ್ದವನು ಚೋಳರ ಸಾಮಂತ ಅದಿಯಮ. ನಾಡನ್ನು ಬಿಟ್ಟುಕೊಡದೆ ‘ಕಾದಾಡಿ ತಗೊಳ್ಳಿ’ ಎಂದ. ಹೊಯ್ಸಳ ರಾಜ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹಾಗೆಯೇ ತೆಗೆದುಕೊಂಡ. ರಾಜ ಮೆಚ್ಚಿ ‘ಬೇಡು’ ಎಂದಾಗ ಗೋವಿಂದವಾಡಿಯನ್ನು ಕೇಳಿ ಪಡೆದು ಗೊಮ್ಮಟನಿಗೆ ಬಿಟ್ಟ. ಗಂಗರಾಜ ಜೈನ. ಇನ್ನು ಅದೇ ಗೆಲುವಿನ ನೆನಪಿಗೆ ರಾಜ ತಲಕಾಡಿನಲ್ಲಿ ನಿಲ್ಲಿಸಿದ್ದು ಕೀರ್ತಿನಾರಾಯಣನನ್ನು. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿದರೆ ಅದು ಅರ್ಧ ಚರಿತ್ರೆ.

ಇಸವಿಯದೂ ಒಂದು ಗೊಂದಲ. ಒಬ್ಬರು 1116 ಎನ್ನುತ್ತಾರೆ, ಇನ್ನೊಬ್ಬರು 1117. ಶಾಸನದಲ್ಲಿರುವ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆದರೆ ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಯಾದರೆ ಜನವರಿ ದಾಟಿರುತ್ತದೆ, ಆಗ 79 ಕೂಡಿಸಬೇಕು. ಶಾಸನ ಬರೆದವನು ಕಳೆದ ವರ್ಷವನ್ನು ಎಣಿಸಿದನೋ ನಡೆಯುತ್ತಿರುವ ವರ್ಷವನ್ನೋ ಎಂಬುದರಿಂದ ಇನ್ನೊಂದು ವರ್ಷ ಅತ್ತಿತ್ತ ಆಗುತ್ತದೆ. ಆಗ ಕೈ ಹಿಡಿಯುವುದು 60 ವರ್ಷಕ್ಕೊಮ್ಮೆ ಮರಳಿ ಬರುವ ಸಂವತ್ಸರದ ಹೆಸರು. 2016ರ ಯುಗಾದಿಗೆ ದುರ್ಮುಖಿ, 2017ಕ್ಕೆ ಹೇವಿಳಂಬಿ ಬಂದದ್ದು ಹಲವರಿಗೆ ನೆನಪಿರಬಹುದು. ಅಲ್ಲಿಂದ 15 ಸುತ್ತು, ಅಂದರೆ 900 ವರ್ಷ ಹಿಂದಕ್ಕೆ ಹೋದರೆ 1116 ದುರ್ಮುಖಿ, 1117 ಹೇಮಲಂಬಿ, ಅಂದರೆ ಅದೇ ಹೇವಿಳಂಬಿ. ಶಾಸನದಲ್ಲಿ ಅಂಕಿಗೂ ಸಂವತ್ಸರಕ್ಕೂ ತಾಳೆಯಾಗದಿದ್ದರೆ ಸಂವತ್ಸರವನ್ನು ನಂಬುವುದೇ ಕ್ಷೇಮ. ಅಂಕಿ ಕೆತ್ತುವಾಗ ಕೈ ತಪ್ಪುತ್ತದೆ, ಸವೆದ ಮೇಲೆ ಓದುವವರ ಕಣ್ಣೂ ತಪ್ಪುತ್ತದೆ.

ಗೆದ್ದ ಮೇಲೆ ‘ಶ್ರೀ ತಲಕಾಡುಗೊಂಡ’ (ತಲಕಾಡನ್ನು ಗೆದ್ದವನು) ಎಂದು ಕನ್ನಡ ಅಕ್ಷರದಲ್ಲೇ ಚಿನ್ನದ ನಾಣ್ಯ ಹೊರಬಿತ್ತು. 1118ರಲ್ಲಿ ಕಣ್ಣೆಗಾಲದಲ್ಲಿ ಇದೇ ಗಂಗರಾಜ ರಾತ್ರೋರಾತ್ರಿ ಚಾಲುಕ್ಯರ ದಂಡಿನ ಮೇಲೆ ಬಿದ್ದ. ಆ ಚಾಲುಕ್ಯರು ಹೊಯ್ಸಳರ ಒಡೆಯರು, ಕನ್ನಡದವರು. ಹಾಗಿರುವಾಗ ಇದನ್ನು ಭಾಷೆಯ ಜಗಳ ಎನ್ನುವುದು ಹೇಗೆ? ಹೊಯ್ಸಳರಿಗೆ ಬೇಕಾಗಿದ್ದುದು ಗಂಗವಾಡಿಯ ನೆಲ, ಹೊಳೆಯ ದಂಡೆ, ಯಾರಿಗೂ ತಲೆಬಾಗದ ಪಟ್ಟ.

13ನೇ ಶತಮಾನದಲ್ಲಿ ಚೋಳ ರಾಜ ಮೂರನೆಯ ರಾಜರಾಜ ಸೆರೆಯಾದಾಗ ಅವನನ್ನು ಬಿಡಿಸಿ ಮತ್ತೆ ಪಟ್ಟದಲ್ಲಿ ಕೂರಿಸಿದವನು ವಿಷ್ಣುವರ್ಧನನ ಮರಿಮಗ ಇಮ್ಮಡಿ ನರಸಿಂಹ. ಅದಕ್ಕಾಗಿ ಅವನು ಧರಿಸಿದ ಬಿರುದು ‘ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ’.