ಆರ್‌ಟಿಟಿ ಆನ್ ಮಾಡಿದರೆ ಅಳಿಸಿದ ಮಾತೂ ಎಲ್ಲರಿಗೂ ಕಾಣುತ್ತದೆಯೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಆರ್‌ಟಿಟಿಯಲ್ಲಿ (ರಿಯಲ್-ಟೈಮ್ ಟೆಕ್ಸ್ಟ್, ಅಂದರೆ ಬರೆಯುತ್ತಿರುವಂತೆಯೇ ಹೋಗುವ ಬರಹ) ನೀವು ಬರೆಯುತ್ತಿರುವುದು, ಸೆಂಡ್ ಒತ್ತುವ ಮೊದಲೇ, ಎದುರಿನವರ ಪರದೆಯ ಮೇಲೆ ಮೂಡುತ್ತಾ ಹೋಗುತ್ತದೆ ಎಂಬುದು ನಿಜ. ಎಲ್ಲರಿಗೂ ಕಾಣುತ್ತದೆ ಎಂಬುದು ಮಾತ್ರ ಸುಳ್ಳು. ಕಾಣುವುದು ನೀವು ಅದನ್ನು ಆರಂಭಿಸಿದ ಆ ಒಂದು ಸಂಭಾಷಣೆಯಲ್ಲಿ ಇರುವವರಿಗೆ. ಎಕ್ಸ್‌ಎಂಪಿಪಿ ಎಂಬ ಮುಕ್ತ ಸಂದೇಶ ವ್ಯವಸ್ಥೆಯ ಚಾಟ್‌ಗಳಲ್ಲಿ ಆರ್‌ಟಿಟಿ ಹೇಗಿರಬೇಕೆಂದು ಹೇಳುವ ಎಕ್ಸ್‌ಇಪಿ-0301 ಮಾನದಂಡವನ್ನೇ ನೋಡಿ: ಎದುರಿನ ಸಾಫ್ಟ್‌ವೇರ್‌ಗೆ ಈ ಸೌಲಭ್ಯ ಇದೆಯೇ ಎಂದು ಕೇಳಿ ತಿಳಿಯುವ ವಿಧಾನ ಅದರಲ್ಲಿದೆ, ನಡುವೆ ಯಾವಾಗ ಬೇಕಾದರೂ ನಿಲ್ಲಿಸುವ ಸಂಕೇತವೂ ಇದೆ. ಪ್ರತಿ ಕೀಲಿಯೊತ್ತಿಗೂ ಒಂದು ಸಂದೇಶ ಹೊರಡುವುದಿಲ್ಲ, ಸುಮಾರು 0.7 ಸೆಕೆಂಡಿಗೊಮ್ಮೆ, ಅಷ್ಟರಲ್ಲಿ ಬರೆದದ್ದು ಒಟ್ಟಾಗಿ ಹೋಗುತ್ತದೆ. ಅಳಿಸಿದ ಪದವನ್ನು ಎದುರಿನವರು ಆಗಲೇ ಓದಿರಬಹುದು, ನಿಜ. ಫೋನಿನಲ್ಲಿ ಆಡಿದ ಮಾತನ್ನೂ ನಾವು ಹಿಂದಕ್ಕೆ ಪಡೆಯಲಾರೆವು, ಆದರೂ ಫೋನನ್ನು ಯಾರೂ ಗೂಢಚಾರನೆಂದು ಕರೆಯುವುದಿಲ್ಲ.

ಈ ಸೌಲಭ್ಯ ಹುಟ್ಟಿದ್ದು ಕಿವುಡರಿಗೂ ಮಾತಿನ ವೇಗದ ಸಂಭಾಷಣೆ ಸಿಗಲಿ ಎಂದು. ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ 1964ರಲ್ಲಿ ಅಮೆರಿಕದಲ್ಲಿ ರೂಪಿಸಿದ, ಫೋನ್ ಲೈನಿನ ಮೂಲಕ ಬರಹ ಕಳಿಸುವ ಟಿಟಿವೈ ವ್ಯವಸ್ಥೆಯಲ್ಲಿ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕಿತ್ತು. ಅದರ ಬದಲು ಆರ್‌ಟಿಟಿಯನ್ನು ಬಳಸಲು ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2016ರಲ್ಲಿ ಅನುಮತಿ ನೀಡಿತು. "ಅಡುಗೆಮನೆಯಲ್ಲಿ ಬೆಂಕಿ" ಎಂದು ಬರೆದು, ಸೆಂಡ್ ಒತ್ತುವ ಮೊದಲೇ ಕುಸಿದುಬಿದ್ದವರ ಆ ಎರಡು ಪದಗಳು ತುರ್ತು ಸೇವೆಯವರಿಗೆ ತಲುಪಿರುತ್ತವೆ.

ಹಾಗಾದರೆ ಡೀಫಾಲ್ಟ್ ಹೇಗಿರಬೇಕು? ಸಾಮಾನ್ಯ ಚಾಟ್‌ನಲ್ಲಿ ಆಫ್ ಇರಲಿ, ಆದರೆ ಆನ್ ಮಾಡುವ ಗುಂಡಿ ಬರೆಯುವ ಜಾಗದ ಪಕ್ಕದಲ್ಲೇ ಇರಲಿ. ಅಗತ್ಯವಿರುವವರು ಒಮ್ಮೆ ಆರಿಸಿದ್ದನ್ನು ಆ್ಯಪ್ ನೆನಪಿಟ್ಟುಕೊಳ್ಳಲಿ. ಪ್ರತಿ ಸಲವೂ ನಾಲ್ಕು ಮೆನು ದಾಟಿಸುವುದು ಅನ್ಯಾಯ. ಆರ್‌ಟಿಟಿ ಲಭ್ಯವಿರುವ ಕಡೆ ಐಫೋನ್‌ನಲ್ಲಿ "ಸೆಂಡ್ ಇಮಿಡಿಯೇಟ್ಲಿ" ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಪೂರ್ತಿ ಬರೆದ ಮೇಲೆಯೇ ಸಂದೇಶ ಹೋಗುತ್ತದೆ.

ಯಾರೂ ಕೇಳದಿದ್ದರೂ ಕನ್ನಡದವರು ಕೇಳಬೇಕಾದದ್ದು ಇನ್ನೊಂದಿದೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್‌ನಲ್ಲಿ ಆರು ಸಂಕೇತ. ನೀವು ಕೊನೆಯ ಈಕಾರದ ಚಿಹ್ನೆಯನ್ನಷ್ಟೇ ಅಳಿಸಿದಾಗ, ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುವ ಆ್ಯಪ್ ಆ ಕಡೆ ಇಡೀ "ಸ್ತ್ರೀ"ಯನ್ನೇ ಅಳಿಸಿಬಿಡಬಹುದು. ಎಕ್ಸ್‌ಇಪಿ-0301 ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಅದನ್ನು ಸರಿಯಾಗಿ ಪಾಲಿಸಿದ ಆ್ಯಪ್‌ನಲ್ಲಿ ಈಕಾರದ ಚಿಹ್ನೆ ಮಾತ್ರ ಹೋಗಿ "ಸ್ತ್ರ" ಉಳಿಯುತ್ತದೆ.