ಬೆಲ್ಲ ಕಟ್ಟದಿದ್ದರೆ ಅದು ದೃಷ್ಟಿಯಲ್ಲ, ಇನ್ವರ್ಟೇಸ್

ಸಾಗರ, ಹೊಸನಗರದ ಕಡೆಯ ಆಲೆಮನೆಗಳಲ್ಲಿ ಪಾಕ ಎಷ್ಟು ಕಾಯಿಸಿದರೂ ಅಚ್ಚು ಕಟ್ಟದಿದ್ದರೆ ‘ಯಾರದೋ ಕಣ್ಣು ಬಿತ್ತು’ ಎನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಈ ಮಾತು ಬಿಡಿ. ಒಲೆ ಹೊತ್ತಿಸುವ ಮೊದಲೇ, ಕಡಿದು ರಾಶಿ ಹಾಕಿದ ಕಬ್ಬಿನೊಳಗೇ ಕೆಲಸ ಕೆಟ್ಟಿರುತ್ತದೆ.

ಎಲೆಯಲ್ಲಿ ತಯಾರಾದ ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆಯೇ, ಕಾಂಡಕ್ಕೆ ಇಳಿಯುತ್ತದೆ. ತುದಿಯ ಎಳೆಯ ಗಣ್ಣುಗಳು ಬೆಳೆಯಬೇಕಲ್ಲ, ಅಲ್ಲಿನ ಕೋಶಗಳ ರಸದಾನಿಯಲ್ಲಿ (ಕೋಶದೊಳಗೆ ರಸ ತುಂಬಿದ ಚೀಲ) ಇರುವ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಗಣ್ಣು ಬಲಿತಂತೆ ಕಿಣ್ವ ತಗ್ಗಿ ಸುಕ್ರೋಸ್ ಕೂಡುತ್ತದೆ. ಕಬ್ಬು ಕಡಿದರೂ ಕೋಶಗಳು ಕೂಡಲೇ ಸಾಯುವುದಿಲ್ಲ. ಎಲೆಯ ಪೂರೈಕೆ ನಿಂತಿರುತ್ತದೆ, ಇನ್ವರ್ಟೇಸ್ ಮತ್ತೆ ಚುರುಕಾಗುತ್ತದೆ, ಬಿಸಿಲಿದ್ದರೆ ಇನ್ನೂ ಬೇಗ.

ಸುಕ್ರೋಸ್ ಅಣುಗಳು ಒಂದೇ ಅಳತೆಯ ಜಂಬಿಟ್ಟಿಗೆ ಕಲ್ಲಿನಂತೆ ಸಾಲಾಗಿ ಕೂತರೆ ಹರಳು. ನಡುವೆ ಒಡೆದ ಚೂರು ಹೆಚ್ಚಾದರೆ ಗೋಡೆ ಏಳುವುದಿಲ್ಲ, ಪಾಕ ಅಂಟಾಗಿಯೇ ಉಳಿಯುತ್ತದೆ. ನಾಲಿಗೆಗೆ ಇದು ತಿಳಿಯದು, ಏಕೆಂದರೆ ಫ್ರಕ್ಟೋಸ್ ಸುಕ್ರೋಸಿಗಿಂತ ಸಿಹಿ. ರಸದ ಸಕ್ಕರೆ ಅಂದಾಜಿಸುವ ಬ್ರಿಕ್ಸ್ ಮೀಟರನ್ನೂ ನಂಬುವಂತಿಲ್ಲ. ಅದು ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಕಬ್ಬು ಒಣಗಿದರೆ ಅಂಕಿ ಏರುವುದೂ ಉಂಟು!

ಬೆಳಕನ್ನು ಬಳಸಿದರೆ ಗುಟ್ಟು ರಟ್ಟಾಗುತ್ತದೆ. ಸುಕ್ರೋಸ್ ದ್ರಾವಣ ಧ್ರುವೀಕೃತ ಬೆಳಕಿನ (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಸಮತಲವನ್ನು ಬಲಕ್ಕೆ ತಿರುಗಿಸುತ್ತದೆ, ಒಡೆದ ಮಿಶ್ರಣ ಎಡಕ್ಕೆ. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೊರ್ ಮಿಖಾಯೆಲಿಸ್ ಮತ್ತು ಮಾಡ್ ಮೆಂಟನ್ ಇದೇ ತಿರುವನ್ನು ಅಳೆದು ಇನ್ವರ್ಟೇಸಿನ ವೇಗ ಲೆಕ್ಕಹಾಕಿದರು. ಅವರದು ಯೀಸ್ಟಿನ ಕಿಣ್ವ. ಆದರೆ ಅಲ್ಲಿ ಹುಟ್ಟಿದ ಸಮೀಕರಣವನ್ನು ಇಂದಿಗೂ ಕಿಣ್ವಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ.

ಹಾಗಾಗಿ ಕಡಿದ ದಿನವೇ ಗಾಣಕ್ಕೆ ಕೊಡಿ. ಎಳೆಯ ತುದಿ ಕತ್ತರಿಸಿ ಬಿಸಾಡಿ. ಕಾಯಲೇಬೇಕಾದರೆ ನೆರಳಿನಲ್ಲಿಟ್ಟು ತರಗು ಮುಚ್ಚಿ. ಕುದಿತಕ್ಕೆ ಕಿಣ್ವ ಸಾಯುತ್ತದೆ ನಿಜ, ಆದರೆ ಕಬ್ಬಿನ ಹಾಲಿನ ಹುಳಿಯೇ ಬಿಸಿಯಲ್ಲಿ ಸುಕ್ರೋಸನ್ನು ಒಡೆಯುತ್ತದೆ. ಸುಣ್ಣದ ತಿಳಿ ಹಾಕುವುದು ಆ ಹುಳಿ ಮುರಿಯಲು: ಸುಮಾರು 5.2ರಷ್ಟಿರುವ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 6.5ರ ಹತ್ತಿರ ಬಂದರೆ ಸಾಕು. ಒಮ್ಮೆ ಒಡೆದದ್ದನ್ನು ಸುಣ್ಣ ಕೂಡಿಸಲಾರದು. ಅತಿಯಾದರೆ ಬೆಲ್ಲ ಕಪ್ಪಾಗುತ್ತದೆ, ಅಷ್ಟೇ.

ಅಚ್ಚಿಗೆ ಪಾಕ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಬೇಕು. ದ್ರವವಾಗಿಯೇ ಉಳಿಯುವ ಜೋನಿ ಬೆಲ್ಲವನ್ನು 106ರ ಸುಮಾರಿಗೇ ಇಳಿಸುತ್ತಾರೆ, ಅದಕ್ಕೆ ಒಡೆದ ಸಕ್ಕರೆ ಸ್ವಲ್ಪ ಬೇಕೇ ಬೇಕು, ಇಲ್ಲದಿದ್ದರೆ ಡಬ್ಬಿಯ ತಳದಲ್ಲಿ ಹರಳು ಕಟ್ಟುತ್ತದೆ. ಒಂದೆರಡು ದಿನ ತಡವಾದ ಕಬ್ಬನ್ನು ಅಚ್ಚಿಗೆ ಹಿಂಸಿಸುವ ಬದಲು ಜೋನಿಗೆ ಹಾಕಿ. ಹುಳಿವಾಸನೆ ಬಂದು ಹಾಲು ಲೋಳೆಯಾಗಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ, ಜೋನಿಗೂ ಬೇಡ.