ಓದುವಾಗ ಶಿಕ್ಷಣ ಸಾಲಕ್ಕೆ ಬಡ್ಡಿ ಇಲ್ಲವೇ?

ಪ್ರಶ್ನೆ: ಮಗಳ ಇಂಜಿನಿಯರಿಂಗಿಗೆ 5 ಲಕ್ಷ ಸಾಲ ಮಾಡಿದ್ದೆವು. ಮೊರಟೋರಿಯಂ (ಕಂತು ಕಟ್ಟಬೇಕಿಲ್ಲದ ಅವಧಿ) ಮುಗಿಯುತ್ತಾ ಬಂತು. ಬ್ಯಾಂಕಿನವರು ಈಗ 6.75 ಲಕ್ಷ ಬಾಕಿ ಅನ್ನುತ್ತಾರೆ. ಓದುವಾಗ ಬಡ್ಡಿ ಇರುವುದಿಲ್ಲ ಅಲ್ಲವೇ?

ಇರುತ್ತದೆ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ನೀವು ಕಂತು ಕಟ್ಟಬೇಕಿಲ್ಲ, ಅಷ್ಟೇ. ಬಡ್ಡಿ ಮೊದಲ ಫೀಸು ಕಾಲೇಜಿಗೆ ಹೋದ ದಿನದಿಂದಲೇ ಶುರು. ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ಸಲ ಹಣ ಬಿಡುಗಡೆಯಾಯಿತು, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 62,500. ಎರಡನೆಯದಕ್ಕೆ 50,000, ಮೂರನೆಯದಕ್ಕೆ 37,500, ಕೊನೆಯದಕ್ಕೆ 25,000. ಒಟ್ಟು 1.75 ಲಕ್ಷ. ಇದು ಬರೀ ಸರಳ ಬಡ್ಡಿ. ಕಂತು ಶುರುವಾಗುವ ದಿನ ಇದೆಲ್ಲ ಅಸಲಿಗೆ ಸೇರುತ್ತದೆ, ಅಲ್ಲಿಂದ ಬಡ್ಡಿಗೂ ಬಡ್ಡಿ. ಹತ್ತು ವರ್ಷದ ಅವಧಿಗೆ 5 ಲಕ್ಷಕ್ಕೆ ತಿಂಗಳ ಕಂತು ಸುಮಾರು 6,608 ಆಗುತ್ತಿತ್ತು, 6.75 ಲಕ್ಷಕ್ಕೆ 8,920. ಅಂದರೆ ಕಟ್ಟದೆ ಬಿಟ್ಟ 1.75 ಲಕ್ಷಕ್ಕೆ ಕೊನೆಗೆ ತೆರುವುದು 2.77 ಲಕ್ಷ. ಮೊದಲ ವರ್ಷದಲ್ಲಿ ಆ ಬಡ್ಡಿ ತಿಂಗಳಿಗೆ 1,042 ರೂಪಾಯಿ ಇತ್ತು. ಕಟ್ಟುತ್ತಾ ಬಂದಿದ್ದರೆ ಹಲವು ಬ್ಯಾಂಕುಗಳು ದರದಲ್ಲೂ ಶೇ. 1 ಬಿಡುತ್ತವೆ.

ಹಾಗಾದರೆ ‘ಬಡ್ಡಿ ಇಲ್ಲ’ ಎಂಬ ಮಾತು ಹುಟ್ಟಿದ್ದೆಲ್ಲಿ? ಕೇಂದ್ರದ ಬಡ್ಡಿ ಸಹಾಯಧನದಿಂದ. 2009-10ರಲ್ಲಿ ಬಂದ ಈ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಭಾರತದಲ್ಲೇ ವೃತ್ತಿಪರ ಕೋರ್ಸ್ ಓದುವವರ ಮೊರಟೋರಿಯಂ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ನಮ್ಮ ಕೆನರಾ ಬ್ಯಾಂಕೇ ಇದರ ನೋಡಲ್ ಬ್ಯಾಂಕ್, ಅಂದರೆ ಯೋಜನೆಯನ್ನು ನೋಡಿಕೊಳ್ಳುವ ಬ್ಯಾಂಕ್. ಅಲ್ಲೂ ಬಡ್ಡಿ ಬೀಳುತ್ತದೆ, ಕಟ್ಟುವವರು ಬೇರೆ. ಪಕ್ಕದ ಮನೆಯ ಹುಡುಗನಿಗೆ ಸಿಕ್ಕಿತೆಂದು ನಿಮಗೂ ಸಿಗುವುದಿಲ್ಲ.

ಈಗ ಮಾಡಬೇಕಾದ್ದು: ಶಾಖೆಗೆ ಹೋಗಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿ, ಅಸಲು ಎಷ್ಟು, ಸೇರಿದ ಬಡ್ಡಿ ಎಷ್ಟು ಎಂದು ಬೇರೆ ಬೇರೆ ನೋಡಿ. ಮೊದಲ ಕಂತಿಗೆ ಮುಂಚೆ ಆ ಬಡ್ಡಿಯಲ್ಲಿ ಆದಷ್ಟನ್ನು ಕಟ್ಟಿಬಿಡಿ. 50,000 ಕಟ್ಟಿದರೂ ತಿಂಗಳಿಗೆ 660 ರೂಪಾಯಿ ಇಳಿಯುತ್ತದೆ. ಮಗಳಿಗೆ ಇನ್ನೂ ಕೆಲಸ ಸಿಕ್ಕಿಲ್ಲವೇ? ಕಂತು ತಪ್ಪುವ ಮೊದಲೇ ಅವಧಿ ವಿಸ್ತರಣೆಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗ ಅವಳ ಜೊತೆ ಸಹಸಾಲಗಾರರಾದ ನಿಮ್ಮ ಸಿಬಿಲ್ ಸ್ಕೋರೂ ಕೆಡುತ್ತದೆ.

ನೀವು ಕೇಳದಿದ್ದರೂ ತೆರಿಗೆಯ ಮಾತೊಂದು ಹೇಳಲೇಬೇಕು. 80ಇ ಎಂದೇ ಎಲ್ಲರಿಗೂ ಗೊತ್ತಿರುವ ವಿನಾಯಿತಿ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಮೊತ್ತಕ್ಕೆ ಮಿತಿಯಿಲ್ಲ, ಆದರೆ ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಎಂಟು ವರ್ಷ ಮಾತ್ರ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದು ಸಿಗದು. ಮಗಳು ಕೆಲಸಕ್ಕೆ ಸೇರಿದ ಕಡೆ ಯಾವ ಪದ್ಧತಿ ಎಂದು ಕೇಳಿದಾಗ, ಆ ವರ್ಷದ ಬಡ್ಡಿ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ಎರಡೂ ಲೆಕ್ಕ ಹಾಕಿ ನೋಡಲಿ.